ಇಳಿಯಗೊಡದ ಸಾಹೇಬರು

ಸಾಹೇಬರು ತೀರಿಕೊಂಡ ಹದಿನೈದು ದಿನಕ್ಕೆ ನಾವೊಂದು ಶ್ರದ್ಧಾಂಜಲಿ ಸಭೆ ಮಾಡಿದೆವು. ಪುಣೆಯ ಸ್ವಾರಗೇಟಿನ ಹತ್ತಿರದ ಉಡುಪಿ ಹೋಟೆಲಿನ ಮಹಡಿ, ಇಪ್ಪತ್ತು ಕುರ್ಚಿ, ಹಾರ ಹಾಕಿದ ಫೋಟೊ. ಮಾತಾಡಿದವರೆಲ್ಲ ಅವರನ್ನು ಸ್ವಾತಂತ್ರ್ಯದ ಉಪಾಸಕರು ಎಂದರು. ಮನುಷ್ಯನ ಇಚ್ಛೆಯ ಬಗ್ಗೆ, ಆ ಇಚ್ಛೆಯನ್ನು ಕಸಿದುಕೊಳ್ಳುವ ಕಾಲದ ಬಗ್ಗೆ, ಹನ್ನೊಂದು ವರ್ಷ ಒಂದೇ ಕಾದಂಬರಿ ಬರೆದ ತಪಸ್ವಿಗಳು ಎಂದರು. ಎಲ್ಲರಿಗಿಂತ ಉದ್ದ ಮಾತಾಡಿದವನು ನಾನೇ. ನಡುವೆ ಒಮ್ಮೆ ನಿಲ್ಲಿಸಿ ನೀರು ಕುಡಿದೆ. ಅವರ ಮಗಳು ಕೊನೆಯ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಅವಳು ಅಳುತ್ತಿರಲಿಲ್ಲ.

ಫೋಟೊದ ಮುಂದೆ ನಿಂತು ಹೇಳುವ ಮಾತೇ ಬೇರೆ. ಅಲ್ಲಿ ಊದುಬತ್ತಿಯ ಹೊಗೆಗೆ ಎಲ್ಲರ ಗುಣವೂ ಒಂದೇ ಥರ ಕಾಣುತ್ತದೆ. ಅಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಪುಣೆಯ ನಮ್ಮ ಕಡೆಯ ಜನಕ್ಕೆಲ್ಲ ಅವರು ಬರೀ ಸಾಹೇಬರು.

ಅವರು ವಿಜಯಪುರದ ಕಡೆಯವರು. ಪುಣೆಯ ಸರ್ಕಾರಿ ಬಸ್ ನಿಲ್ದಾಣವೊಂದರಲ್ಲಿ ಮುಂಗಡ ಟಿಕೆಟಿನ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತು ನಿವೃತ್ತರಾದವರು. ಆಗಿನ್ನೂ ಕಂಪ್ಯೂಟರ್ ಬಂದಿರಲಿಲ್ಲ. ಬಸ್ಸಿನ ಸೀಟುಗಳ ನಕ್ಷೆ ಅಚ್ಚಾದ ದೊಡ್ಡ ಹಾಳೆಯೊಂದು ಎದುರಿಗಿರುತ್ತಿತ್ತು. ಅದಕ್ಕೆ ಚಾರ್ಟು ಅನ್ನುತ್ತಿದ್ದರು. ಯಾವ ಪ್ರಯಾಣಿಕ ಎಲ್ಲಿ ಕೂಡಬೇಕು ಎನ್ನುವುದು ಕೆಂಪು ಪೆನ್ಸಿಲ್ ಹಿಡಿದ ಸಾಹೇಬರ ಕೈಯಲ್ಲಿತ್ತು. ನಿಯಮದ ಪ್ರಕಾರ, ಖಾಲಿ ಇದ್ದರೆ ಕೇಳಿದವರಿಗೆ ಕೇಳಿದ ಸೀಟು. ಸಾಹೇಬರ ಪ್ರಕಾರ, ಕೇಳುವವನಿಗೆ ತನಗೇನು ಬೇಕು ಎನ್ನುವುದೇ ಗೊತ್ತಿರುವುದಿಲ್ಲ. ಹೊಸದಾಗಿ ಮದುವೆಯಾದವರನ್ನು ಅಕ್ಕಪಕ್ಕ ಕೂಡಿಸುತ್ತಿರಲಿಲ್ಲ, ಇಡೀ ಜನ್ಮ ಬಾಕಿ ಇದೆಯಲ್ಲ ಎಂದು. ಓದುವ ಹುಡುಗಿಯರಿಗೆ ಮುಂದಿನ ಸೀಟು, ಅವರು ಕೇಳಲಿ ಬಿಡಲಿ. ಮೀಸೆ ತಿರುವಿದವರಿಗೆಲ್ಲ ಹಿಂದಿನ ಗಾಲಿಯ ಮೇಲಿನ ಸೀಟು.

ನಾನು ಅವರನ್ನು ಮೊದಲು ನೋಡಿದ್ದು ಆ ಕಿಟಕಿಯಲ್ಲೇ. ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಸಿಕ್ಕು ಪುಣೆಗೆ ಬಂದ ಹೊಸತು. ಊರಿಗೆ ಹೋಗಬೇಕಿತ್ತು. ಕಿಟಕಿ ಪಕ್ಕದ ಸೀಟು ಬೇಕು ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿದೆ. ಕನ್ನಡಕದ ಮೇಲಿನಿಂದ ನೋಡಿ ಕನ್ನಡದಲ್ಲೇ ಕೇಳಿದರು:

"ಯಾ ಊರು?"

"ಬಾಗಲಕೋಟಿ ರೀ."

"ಖಿಡಕಿ ನಿಮಗ ಬ್ಯಾಡ. ಮೂಗು ನೋಡ್ರಿ ಹೆಂಗ ಕೆಂಪ ಆಗ್ಯದ, ನೆಗಡಿ ಅದ ನಿಮಗ. ಹದಿನಾಕು ತಗೋರಿ. ಹದಿಮೂರರಾಗ ಒಬ್ರು ಹಿರ್ಯಾರು ಬರ್ತಾರ, ಭಾಳ ಚೊಲೋ ಮಾತಾಡ್ತಾರ. ಹಾದಿ ಸವದದ್ದ ಗೊತ್ತಾಗೂದಿಲ್ಲ."

ನಾನು ಮುಖ ಊದಿಸಿಕೊಂಡು ಟಿಕೆಟ್ ತೆಗೆದುಕೊಂಡೆ. ಆದರೆ ಹದಿಮೂರರ ಹಿರಿಯರು ನಿಜಕ್ಕೂ ಅಷ್ಟು ಚೆನ್ನಾಗಿ ಮಾತಾಡಿದರು, ಸೊಲ್ಲಾಪುರ ದಾಟಿದ್ದೇ ನನಗೆ ತಿಳಿಯಲಿಲ್ಲ. ಸಾಹೇಬರ ದೊಡ್ಡ ದೋಷವೇ ಇದು. ಎಷ್ಟೋ ಸಲ ಅವರು ಹೇಳಿದ್ದು ಸರಿಯಾಗಿಬಿಡುತ್ತಿತ್ತು. ಊರಿಂದ ಬಂದವನು ಅವರನ್ನು ಹುಡುಕಿಕೊಂಡು ಹೋಗಿ ಥ್ಯಾಂಕ್ಸ್ ಹೇಳಿದೆ. ಗೆಳೆತನ ಹಾಗೆ ಶುರುವಾಯಿತು.

ಅವರ ಜೊತೆ ಹೋಟೆಲಿಗೆ ಹೋದರೆ ಏನು ತಿನ್ನುವುದು ಎಂಬ ಚಿಂತೆ ಇರಲಿಲ್ಲ. "ಇವರಿಗೆ ಇಡ್ಲಿ. ವಡಾ ಇವರಿಗೆ ಎದಿ ಉರೀತದ. ನನಗ ದ್ವಾಶಿ. ಚಟ್ನಿ ಇವರಿಗೆ ಕಡಿಮಿ ಹಾಕ್ರಿ." ನನಗೆ ಜನ್ಮದಲ್ಲಿ ಎದೆ ಉರಿದಿರಲಿಲ್ಲ. ಹೋಟೆಲಿನ ಮಾಲೀಕರು ಕುಂದಾಪುರದ ಕಡೆಯ ರಾಯರು, ಗಲ್ಲಾದಲ್ಲಿ ಕೂತೇ ನಗುತ್ತಿದ್ದರು. "ಎಂತ ಮಾರಾಯ್ರೆ, ನನ್ನ ಹೋಟೆಲಿನಲ್ಲಿ ಮೆನು ಕಾರ್ಡ್ ಇಡುವುದೇ ದಂಡ. ಇವರು ಬಂದರೆ ಇಡೀ ಟೇಬಲಿನ ನಾಲಗೆ ಇವರ ಬಾಯಲ್ಲಿ," ಎನ್ನುತ್ತಿದ್ದರು. ಸಾಹೇಬರು ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ಅವರ ನಿವೃತ್ತಿ ಹತ್ತಿರ ಬಂದಾಗ ಕಂಪ್ಯೂಟರ್ ಬಂತು. ಅದರ ಬೆನ್ನಿಗೆ ಮೊಬೈಲ್. ಪ್ರಯಾಣಿಕರು ಮನೆಯಲ್ಲೇ ಕೂತು, ಪರದೆಯ ಮೇಲೆ ಬೆರಳೊತ್ತಿ, ತಮ್ಮ ಸೀಟು ತಾವೇ ಆರಿಸಿಕೊಳ್ಳತೊಡಗಿದರು. ಸಾಹೇಬರನ್ನು ವಿಚಾರಣೆ ಕಿಟಕಿಗೆ ಹಾಕಿದರು. ಅಲ್ಲಿ ಜನ ಬಸ್ಸು ಎಷ್ಟು ಗಂಟೆಗೆ ಎಂದು ಮಾತ್ರ ಕೇಳುತ್ತಿದ್ದರು. ಆ ದಿನಗಳಲ್ಲಿ ಅವರು ನನ್ನ ಮುಂದೆ ಕೂತು, ಮನುಷ್ಯನ ಸ್ವಾತಂತ್ರ್ಯ ಮುಗಿಯಿತು ಎಂದು ನಿಜವಾದ ದುಃಖದಿಂದ ಹೇಳಿದರು. ಯಾರ ಸ್ವಾತಂತ್ರ್ಯ ಎಂದು ನಾನು ಕೇಳಲಿಲ್ಲ. ಮೂವತ್ತು ವರ್ಷ ಜನರನ್ನು ತಾವು ಹೇಳಿದಲ್ಲಿ ಕೂಡಿಸಿದವರಿಗೆ, ಜನ ತಮಗೆ ಬೇಕಾದಲ್ಲಿ ಕೂತದ್ದು ಗುಲಾಮಗಿರಿಯಾಗಿ ಕಂಡಿತ್ತು. ನಿವೃತ್ತಿಯ ಮರುದಿನವೇ ಕಾದಂಬರಿ ಶುರು ಮಾಡಿದರು. ಹಳೆಯ ಚಾರ್ಟುಗಳ ಒಂದು ಕಟ್ಟು ಮನೆಗೆ ತಂದಿದ್ದರು. ಅವುಗಳ ಬೆನ್ನಿನ ಮೇಲೆ ಬರೆದರು.

ಕಾದಂಬರಿಯ ಹೆಸರು 'ತಡೆರಹಿತ'. ಕತೆ ಇಷ್ಟೇ. ಪುಣೆಯಿಂದ ದಕ್ಷಿಣಕ್ಕೆ ಒಂದು ಬಸ್ಸು ಹೊರಡುತ್ತದೆ. ಇಪ್ಪತ್ಮೂರನೆಯ ಸೀಟಿನಲ್ಲಿ ಕೂತವನಿಗೆ ಕಾತ್ರಜ ದಾಟುವಾಗ ಇಳಿಯಬೇಕು ಅನ್ನಿಸುತ್ತದೆ. ಕಂಡಕ್ಟರನನ್ನು ಕೇಳುತ್ತಾನೆ. ಕಂಡಕ್ಟರ್ ಬಹಳ ಮರ್ಯಾದಸ್ಥ. ನೀವು ಸ್ವತಂತ್ರರು, ಯಾವಾಗ ಬೇಕಾದರೂ ಇಳಿಯಬಹುದು, ಆದರೆ ಬಸ್ಸು ನಿಲ್ಲುವುದಿಲ್ಲ ಎನ್ನುತ್ತಾನೆ. ಅಲ್ಲಿಂದ ಚರ್ಚೆ. ಇಳಿಯಬೇಕೆಂಬ ಆಸೆ ನಿನ್ನದೋ, ಇನ್ಯಾರೋ ನಿನ್ನ ತಲೆಯಲ್ಲಿ ಇಟ್ಟದ್ದೋ? ನಿನ್ನದೇ ಆದರೆ, ಆ 'ನೀನು' ಯಾರು? ಟಿಕೆಟ್ ತೆಗೆದುಕೊಂಡವನೋ, ಇಳಿಯಬೇಕೆನ್ನುವವನೋ? ಒಂದೊಂದು ಪ್ರಶ್ನೆಗೆ ಒಂದೊಂದು ಅಧ್ಯಾಯ. ಬಸ್ಸು ಊರು ದಾಟುತ್ತದೆ, ನದಿ ದಾಟುತ್ತದೆ, ಹೆಸರಿಲ್ಲದ ಬಯಲುಗಳನ್ನು ದಾಟುತ್ತದೆ. ನಾಯಕ ಕೂತೇ ಇರುತ್ತಾನೆ. ಮೊದಲ ಐದಾರು ಅಧ್ಯಾಯ ನಿಜಕ್ಕೂ ಚೆನ್ನಾಗಿದ್ದವು. ಅದನ್ನು ಸುಳ್ಳು ಹೇಳುವುದಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾತ್ರಜದ ಹತ್ತಿರದ ಅವರ ಫ್ಲಾಟಿನಲ್ಲಿ ವಾಚನ. ಹಾಲಿನಲ್ಲಿ ಎಂಟು ಕುರ್ಚಿ. ಎರಡು ಈ ಕಡೆ, ಎರಡು ಆ ಕಡೆ, ನಡುವೆ ಓಡಾಡುವಷ್ಟು ಜಾಗ, ಹಿಂದೆ ಹಾಗೆಯೇ ಇನ್ನೊಂದು ಸಾಲು. ಪ್ರತಿ ಕುರ್ಚಿಯ ಬೆನ್ನಿಗೆ ನಂಬರ್ ಅಂಟಿಸಿದ್ದರು. ನಾವು ಬಂದ ತಕ್ಷಣ ಕೂಡುವ ಹಾಗಿಲ್ಲ. ಗೋಡೆಗೆ ಹಚ್ಚಿದ ಚಾರ್ಟು ನೋಡಿ, ಅವತ್ತು ನಮ್ಮ ಹೆಸರು ಎಲ್ಲಿದೆಯೋ ಅಲ್ಲಿ ಕೂಡಬೇಕು. ಹೋದ ವಾರ ಒಳ್ಳೆಯ ಪ್ರಶ್ನೆ ಕೇಳಿದವನು ಮುಂದೆ, ಆಕಳಿಸಿದವನು ಹಿಂದೆ. ಸಾಹೇಬರು ಎಲ್ಲರ ಮುಂದೆ ನಮ್ಮ ಕಡೆ ಮುಖ ಮಾಡಿ ಕೂಡುತ್ತಿದ್ದರು. ಚಾಲಕ ಹಾದಿ ಬಿಟ್ಟು ಪ್ರಯಾಣಿಕರನ್ನೇ ನೋಡುತ್ತ ನಡೆಸುವ ಬಸ್ಸು ಜಗತ್ತಿನಲ್ಲಿ ಅದೊಂದೇ ಇದ್ದಿರಬೇಕು.

ಮೈಸೂರಿನ ಒಬ್ಬ ತರುಣ ಬರುತ್ತಿದ್ದ. ಹಿಂಜೆವಾಡಿಯ ಸಾಫ್ಟ್‌ವೇರ್ ಕಂಪನಿಯವನು. ಊರ ಭಾಷೆ ಕಿವಿಗೆ ಬೀಳಲಿ ಎಂದು ಬಂದು ಸಿಕ್ಕಿಬಿದ್ದವನು. ಒಂದು ಭಾನುವಾರ ಅಧ್ಯಾಯದ ನಡುವೆ ಎದ್ದುನಿಂತ.

"ಸರ್, ಸಾರಿ, ನಂಗೊಂದು ಅರ್ಜೆಂಟ್ ಕಾಲ್ ಇದೆ. ಹತ್ತೇ ನಿಮಿಷ, ಹೊರಗಡೆ ಮಾತಾಡ್ಬಿಟ್ಟು ಬಂದ್ಬಿಡ್ತೀನಿ."

ಸಾಹೇಬರು ಕನ್ನಡಕ ತೆಗೆದರು. "ಕೂಡ್ರಿ. ಗಾಡಿ ಈಗ ಘಾಟಿನ್ಯಾಗ ಅದ. ಘಾಟಿನ್ಯಾಗ ಯಾರೂ ಇಳಿಯೂದಿಲ್ಲ."

ಅವನು ಕೂತ. ಆ ಅಧ್ಯಾಯದಲ್ಲಿ ಕಂಡಕ್ಟರ್ ಒಬ್ಬ ಮುದುಕಿಗೆ ಬಾಗಿಲ ಹತ್ತಿರ ಹೋಗಲೂ ಬಿಡುವುದಿಲ್ಲ. ಅದನ್ನು ಓದುವಾಗ ಸಾಹೇಬರ ದನಿ ಸಿಟ್ಟಿನಿಂದ ನಡುಗಿತು. ಆ ಸಿಟ್ಟು ನಾಟಕವಲ್ಲ. ನನಗೆ ಇಷ್ಟು ವರ್ಷವಾದರೂ ಬಗೆಹರಿಯದಿರುವುದು ಇದೇ. ಆ ಮನುಷ್ಯನಿಗೆ ಸ್ವಾತಂತ್ರ್ಯ ಅಂದರೆ ನಿಜವಾಗಿ ಪ್ರಾಣ. ತನ್ನದೇ ಹಾಲಿನಲ್ಲಿ ಅದು ಇಲ್ಲದ್ದು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ.

ಈಗ ಮಗಳ ವಿಷಯ. ಹೆಂಡತಿ ಬೇಗ ಹೋಗಿದ್ದರು, ಇವಳೊಬ್ಬಳೇ ಮಗಳು. ಬೆಳಿಗ್ಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಸಂಜೆ ಅಪ್ಪನ ಕಾದಂಬರಿಯ ಟೈಪಿಂಗ್. ಸಾಹೇಬರ ಅಕ್ಷರ ಸಾಹೇಬರಿಗೇ ಓದಲು ಬರುತ್ತಿರಲಿಲ್ಲ. ಆಮೇಲೆ ಕಣ್ಣಿಗೂ ಪೊರೆ ಬಂತು. ಹಾಗಾಗಿ ಬರೆಯುವುದು ಬಿಟ್ಟು ಹೇಳತೊಡಗಿದರು. ಅವಳು ಟೈಪ್ ಮಾಡಬೇಕು, ಓದಿ ತೋರಿಸಬೇಕು, ಅವರು ಅಳಿಸು ಅಂದರೆ ಅಳಿಸಬೇಕು. ದಿನಾ ಎರಡು ತಾಸು, ಕೆಲವು ದಿನ ಮೂರು. ಭಾನುವಾರದ ಓದಿಗೆ ಅವರ ಕಣ್ಣಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಮುದ್ರಿಸಿ ಕೊಡಬೇಕು, ನಮಗೆಲ್ಲ ಉಪ್ಪಿಟ್ಟು, ಚಹಾ ಮಾಡಬೇಕು. ಚಾರ್ಟಿನಲ್ಲಿ ಅವಳ ಹೆಸರು ಇರುತ್ತಿರಲಿಲ್ಲ. ಅವಳು ಅಡುಗೆಮನೆಯಲ್ಲಿ ನಿಂತೇ ಕೇಳುತ್ತಿದ್ದಳು.

ಮೈಸೂರಿನವನು ಒಮ್ಮೆ ಸಲಹೆ ಕೊಟ್ಟ. "ಸರ್, ಈಗ ಮೊಬೈಲೇ ಬರ್ಕೊಳ್ಳುತ್ತೆ. ನೀವು ಮಾತಾಡ್ತಾ ಹೋದ್ರೆ ಸಾಕು, ಕನ್ನಡದಲ್ಲೇ ಟೈಪ್ ಆಗುತ್ತೆ. ನಾನು ಸೆಟ್ ಮಾಡಿಕೊಡ್ತೀನಿ. ಅಕ್ಕಂಗೂ ಸ್ವಲ್ಪ ಫ್ರೀ ಆಗುತ್ತೆ."

ಸಾಹೇಬರಿಗೆ ಆಘಾತವೇ ಆಯಿತು. "ನನ್ನ ವಿಚಾರ ಒಯ್ದು ಯಂತ್ರದ ಕೈಯಾಗ ಕೊಡೂದಾ? ಇದರ ವಿರುದ್ಧನ ನಾ ಕಾದಂಬರಿ ಬರೀಲಿಕ್ಕತ್ತೀನಿ, ತಿಳೀತದಿಲ್ಲೋ ನಿಮಗ?" ಎಂದರು. ಒಳಗೆ ಮಗಳು ಒಗ್ಗರಣೆ ಹಾಕುವ ಸದ್ದು ಕೇಳಿತು. ನಾವೆಲ್ಲ ಹೌದು ಹೌದು ಎಂದೆವು. ಮುಂದಿನ ಭಾನುವಾರ ಮೈಸೂರಿನವನ ಹೆಸರು ಎಂಟನೆಯ ಕುರ್ಚಿಯಲ್ಲಿತ್ತು. ಅದು ಚಪ್ಪಲಿ ಬಿಡುವ ಜಾಗದ ಪಕ್ಕ.

ಅವಳಿಗೆ ಭೋರ್ ಊರಿನ ಒಬ್ಬ ಚಿತ್ರಕಲೆಯ ಮಾಸ್ತರ ಪರಿಚಯವಾದ. ತಾಯಿಯ ರಕ್ತ ಪರೀಕ್ಷೆಗೆಂದು ಲ್ಯಾಬಿಗೆ ಬರುತ್ತಿದ್ದವನು, ತಾಯಿ ಗುಣವಾದ ಮೇಲೂ ಬರುತ್ತಿದ್ದ. ಮರಾಠಿಯವನು, ಸೌಮ್ಯ, ಬೆರಳ ತುದಿಗೆ ಸದಾ ಬಣ್ಣ. ಮದುವೆಯಾಗಿ ಭೋರಿಗೆ ಹೋಗುತ್ತೇನೆ ಎಂದು ಅವಳು ಅಪ್ಪನಿಗೆ ಹೇಳಿದಾಗ ಅವಳಿಗೆ ಮೂವತ್ತೆರಡು. ಸಾಹೇಬರು ಕೂಗಾಡಲಿಲ್ಲ. ಜಾತಿ ಎತ್ತಲಿಲ್ಲ, ಭಾಷೆ ಎತ್ತಲಿಲ್ಲ. ಅಂಥ ಸಣ್ಣತನ ಅವರದಲ್ಲ. ಮಗಳನ್ನು ಎದುರಿಗೆ ಕೂಡಿಸಿಕೊಂಡು ಏನು ಹೇಳಿದರು ಎನ್ನುವುದನ್ನು ಅವರೇ ನನಗೆ ಹೆಮ್ಮೆಯಿಂದ ವರದಿ ಮಾಡಿದರು.

"ನಾ ಅಂದೆ, ನೀ ಸ್ವತಂತ್ರ ಇದ್ದಿ. ನಿನ್ನ ಕಟ್ಟಿ ಹಾಕಲಿಕ್ಕ ನಾ ಯಾರು? ಆದ್ರ ಒಂದ ವಿಚಾರ ಮಾಡು. ಭೋರಕ್ಕ ಹೋಗಬೇಕಂತ ಅನಸ್ತದಲ್ಲ, ಆ ಅನಿಸಿಕಿ ನಿಂದೋ, ಅಂವಂದೋ? ಅಂವ ಭೇಟಿ ಆಗೂಕಿಂತ ಮದ್ಲ ಭೋರ ಅಂದ್ರ ನಿನಗ ಏನ ಗೊತ್ತಿತ್ತು? ಅಂದ್ರ ಇದು ನಿನ್ನ ಇಚ್ಛಾ ಹೆಂಗ ಆಗ್ತದ?"

"ಆಕಿ ಏನಂದ್ಲು?" ಎಂದು ಕೇಳಿದೆ.

"ಏನಂತಾಳ? ವಿಚಾರ ಮಾಡ್ಲಿಕ್ಕತ್ಯಾಳ. ನಾ ಹೇಳೀನಿ, ಕಾದಂಬರಿ ಮುಗೀಲಿ. ಇಪ್ಪತ್ನಾಕು ಅಧ್ಯಾಯ, ಹತ್ತೊಂಬತ್ತು ಆಗ್ಯಾವ. ಅಂವ ಗಾಡಿಯಿಂದ ಇಳದ ದಿನ ನೀನೂ ಹೋಗು. ಅಲ್ಲೀತನಾ ನಿನ್ನ ಇಚ್ಛಾ ಪಕ್ಕಾ ಆಗ್ತದ. ಆಕಿ ಮಾತು ಕೊಟ್ಟಾಳ."

ನನಗೂ ಆಗ ಇದು ನ್ಯಾಯವೆಂದೇ ಅನ್ನಿಸಿತು. ಇನ್ನೈದು ಅಧ್ಯಾಯ ತಾನೆ? ಆದರೆ ಇಪ್ಪತ್ನಾಲ್ಕನೆಯ ಅಧ್ಯಾಯದಲ್ಲಿ ನಾಯಕ ಇಳಿಯಲಿಲ್ಲ. ಬಸ್ಸಿಗೆ ಹೊಸದೊಬ್ಬ ತತ್ತ್ವಜ್ಞಾನಿ ಹತ್ತಿದ. ನಿಲ್ಲದ ಬಸ್ಸಿಗೆ ಅವನು ಹೇಗೆ ಹತ್ತಿದ ಎಂದು, ಭಾನುವಾರ ತಪ್ಪದೆ ಬರುತ್ತಿದ್ದ ಹೋಟೆಲಿನ ರಾಯರು ಕೇಳಿದ್ದಕ್ಕೆ ಎರಡು ವಾರ ಏಳನೆಯ ಕುರ್ಚಿಯಲ್ಲಿ ಕೂತರು. ತತ್ತ್ವಜ್ಞಾನಿಯ ಮಾತಿಗೆ ಆರು ಅಧ್ಯಾಯ ಹಿಡಿಯಿತು. ಮೂವತ್ತೊಂದಾಯಿತು, ಮೂವತ್ತೆಂಟಾಯಿತು. ಭಾನುವಾರ ಅವರು ಓದಲು ಶುರುಮಾಡಿದರೆ ನಾವೆಲ್ಲ ಮನಸ್ಸಿನಲ್ಲೇ ಇಳಿಯೋ, ಇಳಿಯೋ ಎನ್ನುತ್ತಿದ್ದೆವು. ಅವಳು ಬಾಗಿಲಲ್ಲಿ ಸೌಟು ಹಿಡಿದು ನಿಂತು ಕೇಳುತ್ತಿದ್ದಳು. ಹಿಂದಿನ ಸಂಜೆಗಳಲ್ಲಿ ತಾನೇ ಟೈಪ್ ಮಾಡಿದ ಅಧ್ಯಾಯ ಅದು. ಅವನು ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿರುತ್ತಿತ್ತು. ಆದರೂ ಕೇಳುತ್ತಿದ್ದಳು.

ನೀನೇ ಎದ್ದು ಹೋಗಬಾರದೇ ಎಂದು ಒಮ್ಮೆ ಕೇಳಿದ್ದೆ. "ಮಾತು ಕೊಟ್ಟೀನಲ್ರಿ ಕಾಕಾ. ಕಣ್ಣ ಕಾಣಸೂದಿಲ್ಲ ಅವರಿಗೆ, ಹೆಂಗ ಬಿಟ್ಟು ಹೋಗ್ಲಿ? ಯಾರರೆ ದೊಡ್ಡಾವ್ರು ಅವರಿಗೆ ಒಂದ ಮಾತ ಹೇಳಿದ್ರ ಕೇಳ್ತಾರ," ಎಂದಿದ್ದಳು. ಅವಳ ಅಪ್ಪನಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಪೊರೆಗಣ್ಣಿನಲ್ಲೂ ದಿನಾ ಸಂಜೆ ಕೋಲೂರಿಕೊಂಡು ಬಸ್ ಸ್ಟಾಪಿಗೆ ಹೋಗಿ, ಅವಳು ಇಳಿಯುವ ತನಕ ನಿಂತಿರುತ್ತಿದ್ದರು. ಮಳೆ ಇದ್ದರೆ ಕೊಡೆ ಅವಳಿಗೆ, ತಾವು ನೆನೆದುಕೊಂಡು. ಮನೆಗೆ ಬಂದು ತಲೆ ಒರೆಸಿಕೊಂಡು "ಹಂ, ಬರಕೋ," ಎನ್ನುತ್ತಿದ್ದರು.

ನಲವತ್ತೊಂದನೆಯ ಅಧ್ಯಾಯದ ಹೊತ್ತಿಗೆ ಭೋರಿನ ಮಾಸ್ತರ ನನ್ನನ್ನು ಹುಡುಕಿಕೊಂಡು ರಾಯರ ಹೋಟೆಲಿಗೆ ಬಂದ. ಚಹಾ ಮುಟ್ಟಲಿಲ್ಲ. "ಕಾಕಾ, ತುಮ್ಹೀ ಏಕದಾ ಬೋಲಾ ನಾ," ಎಂದ, ನೀವೊಮ್ಮೆ ಮಾತಾಡಿ ಎಂದು. ನಿಮ್ಮ ಮಾತನ್ನು ಅವರು ತೆಗೆದುಹಾಕುವುದಿಲ್ಲ, ಮುಹೂರ್ತ ಬೇಡ, ಮಂಗಲ ಕಾರ್ಯಾಲಯದ ಅದ್ದೂರಿ ಮದುವೆ ಬೇಡ, ಅವರನ್ನೂ ಭೋರಿಗೇ ಕರೆದುಕೊಂಡು ಹೋಗುತ್ತೇವೆ, ಕಾದಂಬರಿ ಅಲ್ಲಿಯೂ ಬರೆಯಬಹುದಲ್ಲ ಎಂದ. ಕಣ್ಣಲ್ಲಿ ನೀರು ತುಂಬಿತ್ತು. ರಾಯರು ಗಲ್ಲಾ ಬಿಟ್ಟು ಬಂದರು. "ನೀವು ಹೇಳಲೇಬೇಕು. ಹಿರಿಯರು ನೀವು. ನಾವು ಹಿಂದಿನಿಂದ ಹೌದು ಅಂತೇವೆ," ಎಂದರು. ಫೋನಿನಲ್ಲಿ ಮೈಸೂರಿನವನೂ ಸೇರಿಕೊಂಡ. ಭಾನುವಾರ ವಾಚನ ಮುಗಿದ ಕೂಡಲೇ, ಎಲ್ಲರ ಎದುರಿಗೆ, ನಾನು ಮಾತು ತೆಗೆಯುವುದೆಂದು ನಿಶ್ಚಯವಾಯಿತು. ಮಾಸ್ತರ ನನ್ನ ಕಾಲು ಮುಟ್ಟಿ ಹೋದ. ಮೂರು ದಿನ ಕನ್ನಡಿಯ ಮುಂದೆ ನಿಂತು ಮಾತು ಉರುಹಚ್ಚಿದೆ. ಸಾಹೇಬ್ರ, ಕಾದಂಬರಿಯೊಳಗ ಇಳಸೂದು ಬಿಡ್ರಿ, ಮದ್ಲ ಮನಿಯೊಳಗ ಇಳಿಸ್ರಿ. ಇದು ನನ್ನ ಆರಂಭದ ವಾಕ್ಯ. ಬಹಳ ಚೆನ್ನಾಗಿದೆ ಎಂದು ನನಗೇ ಅನ್ನಿಸಿತ್ತು.

ಭಾನುವಾರ ಹೋಗಿ ಚಾರ್ಟು ನೋಡಿದೆ. ನನ್ನ ಹೆಸರು ಒಂದನೆಯ ಕುರ್ಚಿಯಲ್ಲಿತ್ತು.

ಆರು ವರ್ಷದಲ್ಲಿ ನಾನು ಮೂರಕ್ಕಿಂತ ಮುಂದೆ ಹೋದವನಲ್ಲ. ಒಂದನೆಯ ಕುರ್ಚಿ ಸದಾ ಖಾಲಿ ಇಡುತ್ತಿದ್ದರು, ಅದಕ್ಕೆ ತಕ್ಕವರು ಇನ್ನೂ ಸಿಕ್ಕಿಲ್ಲ ಎಂದು. ಸಾಹೇಬರು ತಾವೇ ಎದ್ದು ಬಂದು ಕೈಹಿಡಿದು ನನ್ನನ್ನು ಅಲ್ಲಿ ಕೂಡಿಸಿದರು. "ಇವತ್ತಿಂದ ಇದು ನಿಮ್ದು. ಕಾಯಂ," ಎಂದರು. ಆಮೇಲೆ ಓದಿದ ಅಧ್ಯಾಯದಲ್ಲಿ ಹೊಸ ಪಾತ್ರವೊಂದು ಬಂತು. ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡಿದವನು, ಬಾಗಲಕೋಟೆಯ ಕಡೆಯವನು, ಕಡಿಮೆ ಮಾತಿನವನು, ಇಡೀ ಬಸ್ಸಿನಲ್ಲಿ ನಾಯಕನ ಸಂಕಟ ಅರ್ಥವಾಗುವ ಒಬ್ಬನೇ ಒಬ್ಬ ಪ್ರಯಾಣಿಕ. ಅವನ ಹಣೆಯ ಬಗ್ಗೆಯೇ ಅರ್ಧ ಪುಟ ಇತ್ತು. ಸಾಹೇಬರಿಗೆ ನಮ್ಮ ಒಳಸಂಚು ತಿಳಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರನ್ನು ಎಲ್ಲಿ ಕೂಡಿಸಿದರೆ ಸುಮ್ಮನಿರುತ್ತಾರೆ ಎನ್ನುವುದು ಅವರ ಮೂವತ್ತು ವರ್ಷದ ಕಸುಬು.

ಓದು ಮುಗಿಯಿತು. ರಾಯರು ಹಿಂದಿನಿಂದ ಕೆಮ್ಮಿದರು. ಮೈಸೂರಿನವನು ಕುರ್ಚಿ ಕಿರುಗುಟ್ಟಿಸಿದ. ನಾನು ಎದ್ದೆ.

"ಅಧ್ಯಾಯ ಭಾಳ ಚೊಲೋ ಆಗ್ಯದ ರೀ, ಸಾಹೇಬ್ರ," ಎಂದು ಹೇಳಿ ಕೂತೆ.

ಮೆಟ್ಟಿಲಿಳಿಯುವಾಗ ಮೈಸೂರಿನವನು ನನ್ನ ಜೊತೆ ಮಾತಾಡಲಿಲ್ಲ. ಕೆಳಗೆ ಗಾಡಿ ಹತ್ತುವಾಗ ಮಾತ್ರ, "ಯಾಕ್ ಸರ್?" ಎಂದ. ಸಂದರ್ಭ ಸರಿಯಿರಲಿಲ್ಲ, ಮುಂದಿನ ವಾರ ನೋಡೋಣ ಎಂದೆ. ಅವನು ಮುಂದಿನ ವಾರದಿಂದ ಬರಲಿಲ್ಲ. ನಾನು ಬಂದೆ, ನನ್ನ ಕುರ್ಚಿ ಒಂದನೆಯದು. ಮುಂದಿನ ವಾರ, ಅದರ ಮುಂದಿನ ವಾರ ಎನ್ನುತ್ತ ನಾನು ಆ ಮಾತು ಆಡಲೇ ಇಲ್ಲ. ಕಾದಂಬರಿಯ ಬಾಗಲಕೋಟೆ ಪ್ರಯಾಣಿಕನಿಗೆ ಇನ್ನೂ ನಾಲ್ಕು ಅಧ್ಯಾಯಗಳಲ್ಲಿ ಜಾಗ ಸಿಕ್ಕಿತು.

ಮಾಸ್ತರ ಇನ್ನೂ ಎರಡು ವರ್ಷ ಕಾದ. ಆಮೇಲೆ ಅವನ ತಾಯಿಗೆ ಮತ್ತೆ ಹುಷಾರು ತಪ್ಪಿತು, ಮನೆಯವರು ನೋಡಿದ ಹುಡುಗಿಯನ್ನು ಮದುವೆಯಾದ. ಸುದ್ದಿ ಬಂದ ದಿನ ಸಾಹೇಬರು ನನ್ನೊಂದಿಗೆ ಮಾತಾಡುತ್ತ, "ನೋಡ್ರಿ, ನಾ ಎಲ್ಲೂ ಅಡ್ಡ ಬರಲಿಲ್ಲ. ಅಂವನ ಸ್ವತಂತ್ರ ನಿರ್ಧಾರ ಅದು," ಎಂದರು. ಅವರು ಹಾಗೆ ನಂಬಿದ್ದರು. ಆ ಸಂಜೆ ಮಗಳು ಟೈಪ್ ಮಾಡಿದಳೇ ಎಂದು ಕೇಳಿದೆ. ಹೌದು, ಮೂರು ಪುಟ ಎಂದರು.

ಹೋದ ವರ್ಷ ಅವರ ಎದೆಗೆ ತೊಂದರೆಯಾಯಿತು. ಆಸ್ಪತ್ರೆಯಲ್ಲಿ ಕಿಟಕಿಯ ಹತ್ತಿರದ ಹಾಸಿಗೆ ಬೇಕೆಂದು ಹಟ ಹಿಡಿದರು. ನರ್ಸ್ ಒಬ್ಬಳು, ಅಜ್ಜಾ, ನಿಮಗೆ ಗಾಳಿ ಆಗುವುದಿಲ್ಲ ಎಂದು ಮರಾಠಿಯಲ್ಲಿ ಸಮಾಧಾನ ಹೇಳಿ ಗೋಡೆಯ ಬದಿಗೇ ಮಲಗಿಸಿದಳು. ಕೆಟ್ಟ ನಗು ಬಂದು ನಾನು ಹೊರಗೆ ಹೋಗಿ ನಿಂತೆ. ಮಗಳು ಅಲ್ಲಿಯೂ ಲ್ಯಾಪ್‌ಟಾಪ್ ತರುತ್ತಿದ್ದಳು. ಅರವತ್ತೆರಡನೆಯ ಅಧ್ಯಾಯ ನಡೆದಿತ್ತು. "ಅಂವ ಎದ್ದಾನ. ಬಾಗಲದಾಗ ನಿಂತಾನ. ಬರದಿಯಾ?" ಎಂದು ಕೇಳಿದರಂತೆ. ಬರೆದೆ ಎಂದಳಂತೆ. ಮುಂದಿನದನ್ನು ನಾಳೆ ಹೇಳುತ್ತೇನೆ ಎಂದು ಮಲಗಿದವರು ಏಳಲಿಲ್ಲ. ಮಗಳಿಗೆ ಆಗ ನಲವತ್ತು.

ಶ್ರದ್ಧಾಂಜಲಿ ಸಭೆಯಲ್ಲಿ ನಾವು ಒಂದು ಠರಾವು ಮಾಡಿದೆವು. ಕಾದಂಬರಿಯನ್ನು ಪ್ರಕಟಿಸಬೇಕು. ಸಾಹೇಬರ ಸ್ಮರಣೆಗೆ ಅದಕ್ಕಿಂತ ದೊಡ್ಡದಿಲ್ಲ. ಅಧ್ಯಾಯಗಳ ಐದಾರು ಕರಡುಗಳಿದ್ದವು. ಯಾವುದು ಮೊದಲು ಯಾವುದು ಕೊನೆ ಎಂಬುದು ಅವಳೊಬ್ಬಳಿಗೇ ಗೊತ್ತು. ಕೊನೆಯ ಅಧ್ಯಾಯವಂತೂ ಇಲ್ಲವೇ ಇಲ್ಲ. ಅವಳನ್ನು ಒಪ್ಪಿಸುವ ಕೆಲಸ ನನಗೆ ಬಂತು. ಮರುವಾರ ಕಾತ್ರಜಕ್ಕೆ ಹೋದೆ.

ಬಾಗಿಲು ತೆರೆದೇ ಇತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗಿಟ್ಟಿದ್ದಳು. ನೆಲದ ಮೇಲೆ ಎರಡು ದೊಡ್ಡ ಬ್ಯಾಗು. ನನ್ನನ್ನು ಕೂಡಿಸಿ ಚಹಾ ತಂದಳು. ನಾನು ವಿಷಯ ಹೇಳಿದೆ.

"ಅಪ್ಪಾರ ಹೆಸರು ಉಳೀಬೇಕವ್ವಾ. ಎಲ್ಲಾ ನೀನ ಹೊಂದಿಸಿ ಕೊಡಬೇಕು. ಕಡೀ ಅಧ್ಯಾಯನೂ ನೀನ ಬರದಬಿಡು. ಅವರ ಧಾಟಿ ನಿನಗ ಬಿಟ್ಟ ಬ್ಯಾರೆ ಯಾರಿಗೂ ಬರೂದಿಲ್ಲ. ಭಾಳಂದ್ರ ಆರು ತಿಂಗಳ ಕೆಲಸ."

ಅವಳು ಬ್ಯಾಗಿನ ಪಕ್ಕ ನೆಲದ ಮೇಲೆ ಕೂತಳು. ಸಿಟ್ಟು ಕಾಣಲಿಲ್ಲ.

"ಕಾಕಾ, ಒಂದ ಮಾತ ಹೇಳ್ಲ್ಯಾ?"

"ಹೇಳವ್ವಾ."

"ಆ ರವಿವಾರ ನೀವು ಅಪ್ಪನ ಮುಂದ ಮಾತಾಡ್ತೀರಿ ಅಂತ ಮಾಸ್ತರ ನನಗ ಹೇಳಿದ್ರು. ನಾನು ಒಂದ ಚೀಲದಾಗ ನಾಕ ಜೋಡಿ ಅರಿವಿ ತುಂಬಿ ಅಡಗಿಮನಿ ಬಾಗಲ ಹಿಂದ ಇಟ್ಟಿದ್ದೆ. ನೀವು ಮಾತು ತಗದ್ರ ಚೀಲ ಹಿಡಕೊಂಡ ಹೊರಗ ಬರಬೇಕು, ಎಲ್ಲಾರ ಮುಂದ ಅಪ್ಪಗ ನಮಸ್ಕಾರ ಮಾಡಬೇಕು, ಅಂತ ಮಾಡಿದ್ದೆ. ಮಾಸ್ತರು ಹಿಂದಿನ ಓಣ್ಯಾಗ ರಿಕ್ಷಾ ನಿಲ್ಲಿಸಿಕೊಂಡ ನಿಂತಿದ್ರು. ನೀವು ಎದ್ದಿರಿ. ಅಧ್ಯಾಯ ಭಾಳ ಚೊಲೋ ಆಗ್ಯದ ಅಂದ್ರಿ. ಆಮ್ಯಾಲ ನಾ ಉಪ್ಪಿಟ್ಟು ತಂದೆ. ಎರಡ ಸಲ ಹಾಕಿಸಿಕೊಂಡ್ರಿ ನೀವು."

ಉಪ್ಪಿಟ್ಟು ನನಗೆ ನೆನಪಿರಲಿಲ್ಲ. ಕುರ್ಚಿ ಮಾತ್ರ ನೆನಪಿತ್ತು. ಇಷ್ಟು ವರ್ಷ ಸಾಹೇಬರನ್ನು ಒಳಗೊಳಗೇ ಹಂಗಿಸಿಕೊಂಡು ನಕ್ಕವನು ನಾನು, ಅವರ ಬಗ್ಗೆ ಇದನ್ನೆಲ್ಲ ಬರೆಯಲು ಕೂತವನೂ ನಾನೇ. ಆ ಹುಡುಗಿಯ ಎಂಟು ವರ್ಷದಲ್ಲಿ ನನ್ನ ಪಾಲೂ ಇದೆ. ನಾಚಿಕೆಯಾಯಿತು, ಬರೆಯುವಾಗಲೂ ಆಗುತ್ತಿದೆ.

ಅವಳು ಎದ್ದು ಬ್ಯಾಗಿನ ಜಿಪ್ ಎಳೆಯತೊಡಗಿದಳು. ಮಾತು ಬದಲಿಸಬೇಕಿತ್ತು. ಅಭ್ಯಾಸಬಲ, ಹಿರಿಯನ ದನಿ ತಾನಾಗಿ ಬಂತು.

"ಎಲ್ಲಿಗೆ ಹೊಂ‌ಟೀಯವ್ವಾ? ಯಾವ ಊರು? ಅಲ್ಲಿ ಯಾರದಾರ ನಿನಗ? ಒಬ್ಬಾಕೀನ ಹೆಂಗ ಇರ್ತಿ? ಮದ್ಲ ನನಗೊಂದ ಮಾತ ಕೇಳಬಾರದೇನು?"

ಅವಳು ಜಿಪ್ ಪೂರ್ತಿ ಎಳೆದು, ನೆಟ್ಟಗೆ ನಿಂತು, ನನ್ನನ್ನು ನೋಡಿದಳು. ನಕ್ಕಳು. ಅವಳು ಬಾಯ್ತುಂಬ ನಕ್ಕಿದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

"ಅದನ್ನ ನಿಮಗ ಹೇಳೂದಿಲ್ಲ, ಕಾಕಾ," ಎಂದಳು. "ಚಹಾ ಕುಡೀರಿ, ಆರಿ ಹೋಗ್ತದ."